ಕುರುಗೋಡಿನ ಶುಕ್ರವಾರಗಳು

ನಮ್ಮ ಮನೆಯಲ್ಲಿ ತಪಸ್ಸುಕಾಲ ಶುರುವಾಯಿತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಟಿವಿಯ ಮೇಲೆ ಹಳೆಯ ದುಪ್ಪಟಿ ಬಿದ್ದರೆ ಸಾಕು. ಈಸ್ಟರ್ ಹಬ್ಬದವರೆಗಿನ ನಲವತ್ತು ದಿನ ಆ ದುಪ್ಪಟಿಯನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ಅವ್ವನ ಹೊಲಿಗೆ ಮಷೀನು, ಗೋಡೆಯ ಗೂಡಿನಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆ. ಹಿಂದಿನದರಲ್ಲಿ ಒಲೆ, ನೀರಿನ ಡ್ರಮ್ಮು, ಮೂಲೆಯಲ್ಲಿ ಬಚ್ಚಲು. ಅವ್ವ ಕಾರ್ಖಾನೆಯಿಂದ ಜೀನ್ಸ್ ಪ್ಯಾಂಟುಗಳನ್ನು ಮನೆಗೆ ತಂದು ಜೇಬು ಹೊಲಿಯುತ್ತಿದ್ದಳು. ಅದರ ನೀಲಿ ಧೂಳು ಹಾಸಿಗೆ, ಪುಸ್ತಕ, ಕೊನೆಗೆ ಅನ್ನದ ಮೇಲೂ ಕೂರುತ್ತಿತ್ತು. ತಪಸ್ಸುಕಾಲದಲ್ಲಿ ಮಾಂಸ ಬಂದ್, ಮುಡಿಗೆ ಮಲ್ಲಿಗೆ ಬಂದ್, ಚಹಾಕ್ಕೆ ಸಕ್ಕರೆ ಬಂದ್. ಶುಕ್ರವಾರ ಒಂದೇ ಹೊತ್ತು ಗಂಜಿ, ಉಪ್ಪಿನಕಾಯಿ. ಇವೆಲ್ಲ ಹೇಗೋ ನಡೆಯುತ್ತಿದ್ದವು. ಆದರೆ ಅವ್ವ ಇನ್ನೊಂದು ನೇಮ ಇಟ್ಟಿದ್ದಳು: ನಲವತ್ತು ದಿನ ಮನೆಯಲ್ಲಿ ಯಾರೂ ಯಾರನ್ನೂ ಬೈಯುವಂತಿಲ್ಲ. ನಾನೋ ಹುಟ್ಟಾ ಜಗಳಗಂಟಿ. ಕೋಳಿ ಸಾರು ಬಿಟ್ಟೇನು, ಬೈಗುಳ ಬಿಟ್ಟು ಹೇಗೆ ಇರಲಿ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನಾನು ಹೇಳಹೊರಟಿರುವ ವರ್ಷ ನಾನು ಐದನೇ ಇಯತ್ತೆಯಲ್ಲಿದ್ದೆ. ಅಪ್ಪ ಮಂಚ ಹಿಡಿದು ಆರು ತಿಂಗಳಾಗಿತ್ತು. ಅವನು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಒಂದರ ಮೇಲೊಂದು ಪೇರಿಸಿದ ಬಟ್ಟೆಯ ಅಷ್ಟೆತ್ತರದ ಥಾಕನ್ನು ಒಂದೇ ಗೆರೆಯಲ್ಲಿ ಕತ್ತರಿಸುವ ಕೈ ಅದು. ಟಿಬಿ ಅಂದರು. ಎರಡು ತಿಂಗಳು ಗುಳಿಗೆ ನುಂಗಿದ, ಕೆಮ್ಮು ನಿಂತಿತು, ಆರಾಮಾದೆ ಎಂದು ತಾನೇ ಗುಳಿಗೆ ನಿಲ್ಲಿಸಿ ಕೆಲಸಕ್ಕೆ ಹೋದ. ಕಾಯಿಲೆ ಮತ್ತೆ ಬಂತು, ಈ ಸಲ ಗಟ್ಟಿಯಾಗಿಯೇ ಬಂತು. ಇನ್ನು ಎಂಟು ತಿಂಗಳು ದಿನವೂ ಐದು ಗುಳಿಗೆ, ಒಂದು ದಿನ ತಪ್ಪಿದರೂ ಕಷ್ಟ ಎಂದು ಡಾಕ್ಟರು ಅವ್ವನನ್ನು ಕೂರಿಸಿಕೊಂಡು ಹೇಳಿದ್ದರು. ಆ ಗುಳಿಗೆ ನುಂಗಿದರೆ ಅಪ್ಪನಿಗೆ ವಾಂತಿ, ಹೊಟ್ಟೆಯಲ್ಲಿ ಸಂಕಟ. ಅದಕ್ಕಿಂತ ಹೆಚ್ಚಾಗಿ ಅವನು ಬದುಕುವ ಆಸೆಯನ್ನೇ ಬಿಟ್ಟಿದ್ದ. ಅದಕ್ಕೊಂದು ಕಾರಣವಿತ್ತು, ಅದು ಮನೆಯಲ್ಲಿ ನನಗೂ ಗೊತ್ತಿತ್ತು.

ಅಪ್ಪ ಕುರುಗೋಡಿನವನು, ಹೆಸರು ಬಸವರಾಜ. ಅವ್ವ ಸಿರುಗುಪ್ಪದ ಲೂರ್ದಮ್ಮ, ತಾತನ ಕಾಲದಿಂದ ಕ್ರೈಸ್ತರು. ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಇಬ್ಬರೂ ಮೆಚ್ಚಿಕೊಂಡರು. ಅಪ್ಪ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು ಜೋಸೆಫ್ ಆಗಿ ಮದುವೆಯಾದ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ತಾಯಿಯ ಮನೆಗೆ ಹೋದಾಗ, ನನ್ನ ಅಜ್ಜಿ ಗೌರಮ್ಮ, ದಿನಾ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಳ್ಳದೆ ನೀರು ಮುಟ್ಟದವಳು, ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಿದ್ದಳಂತೆ:

"ಇವತ್ತಿಗೆ ನೀ ನನ್ನ ಪಾಲಿಗೆ ಸತ್ತಿ."

ಆರೋಗ್ಯವಾಗಿದ್ದಾಗ ಅಪ್ಪ ಆ ಮಾತನ್ನು ತಮಾಷೆ ಮಾಡುತ್ತಿದ್ದ. ಕಾಯಿಲೆ ಎರಡನೇ ಸಲ ಬಂದ ಮೇಲೆ ತಮಾಷೆ ನಿಂತಿತು. ಹೆತ್ತವಳು ಸತ್ತಿ ಅಂದ ಮೇಲೆ ಗುಳಿಗೆ ಏನು ಮಾಡೀತು ಅನ್ನುವ ಮಾತು ಅವನ ತಲೆಯಲ್ಲಿ ಬೇರು ಬಿಟ್ಟಿತು. ಬೆಳಿಗ್ಗೆ ಅವ್ವ ಗುಳಿಗೆ ಹಿಡಿದು ನಿಂತರೆ ಗೋಡೆ ಕಡೆ ತಿರುಗುತ್ತಿದ್ದ. ಕಾಡಿ ಬೇಡಿ ನುಂಗಿಸಬೇಕಿತ್ತು. ಬೂದಿ ಬುಧವಾರದ ಹಿಂದಿನ ದಿನ ಅವನೇ ಬಾಯಿಬಿಟ್ಟು ಹೇಳಿದ:

"ಲೂರ್ದಿ, ನಮ್ಮವ್ವನ್ನ ಒಮ್ಮಿ ನೋಡಬೇಕು ಅನಸ್ತೈತಿ. ಆಕಿ ಬಂದು ಆ ಮಾತು ತಿರುಗಿ ತಗೊಂಡ್ರ ಸಾಕು."

"ನಾಳೆ ಹೋಗಿ ಕರ್ಕೊಂಡು ಬರ್ತೀನಿ, ನೀ ಗುಳಿಗಿ ನುಂಗು," ಅಂದಳು ಅವ್ವ, ಪೇಟೆಯಿಂದ ಬೇಳೆ ತರುವೆನೆಂಬಂತೆ.

ಮರುದಿನ ಬೆಳಗಿನ ಪೂಜೆಯಲ್ಲಿ ಫಾದರ್ ನಮ್ಮಿಬ್ಬರ ಹಣೆಗೂ ಬೂದಿಯಿಂದ ಶಿಲುಬೆ ಗುರುತು ಹಾಕಿದರು. ಮಣ್ಣಿನಿಂದ ಬಂದವರು ಮಣ್ಣಿಗೇ ಸೇರುತ್ತೀರಿ ಎಂದು ನೆನಪು ಮಾಡಿಕೊಡುವ ದಿನ ಅದು. ಆ ಬೂದಿಯನ್ನು ಒರೆಸಬಾರದು, ತಾನಾಗಿ ಹೋಗಬೇಕು ಎಂಬುದು ಅವ್ವನ ಇನ್ನೊಂದು ನೇಮ. ಚರ್ಚಿನಿಂದ ನೇರ ಬಸ್‌ಸ್ಟ್ಯಾಂಡಿಗೆ ನಡೆದೆವು. ಬಸ್ಸು ಕಿಕ್ಕಿರಿದಿತ್ತು. ನಾನು ಕಿಟಕಿಯ ಸರಳಿಗೆ ಹಣೆ ಒತ್ತಿ ನಿದ್ದೆ ಹೋದೆ, ಅವ್ವ ಬೆವರೊರೆಸಲು ಸೆರಗು ಎಳೆದಾಗೆಲ್ಲ ಬೂದಿ ಅತ್ತಿತ್ತ ಹರಡಿತು. ಕುರುಗೋಡಿನಲ್ಲಿ ಇಳಿದಾಗ ನಮ್ಮ ಹಣೆಯ ಮೇಲೆ ಶಿಲುಬೆ ಇರಲಿಲ್ಲ, ಅಡ್ಡಡ್ಡ ಬೂದಿ ಗೆರೆಗಳಿದ್ದವು. ಇನ್ನೊಂದು ಸಂಗತಿ ನಮ್ಮ ತಲೆಗೇ ಹೋಗಿರಲಿಲ್ಲ. ಆ ವರ್ಷ ಶಿವರಾತ್ರಿಯೂ ಅದೇ ದಿನ ಬಿದ್ದಿತ್ತು. ಊರಿನಲ್ಲಿ ಯಾರನ್ನು ನೋಡಿದರೂ ಹಣೆ ಬೆಳ್ಳಗಿತ್ತು.

ಅಜ್ಜಿಯ ಮನೆ ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿ. ಅವಳು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು. ನಾನು ಅವಳನ್ನು ಅದೇ ಮೊದಲು ನೋಡಿದ್ದು. ಬಡಕಲು ಮೈ, ದಪ್ಪ ಗಾಜಿನ ಕನ್ನಡಕ, ಅಪ್ಪನದೇ ಮೂಗು. ಬೈಯುತ್ತಾಳೆಂದು ನಾನು ಅವ್ವನ ಹಿಂದೆ ಸರಿದೆ. ಅಜ್ಜಿ ಹತ್ತಿರ ಬಂದು ನನ್ನ ಗದ್ದ ಎತ್ತಿ ಹಣೆ ನೋಡಿದಳು, ಅವ್ವನ ಹಣೆ ನೋಡಿದಳು. ಮುಖವೇ ಬೇರೆಯಾಯಿತು.

"ಬಂದ್ರೇನು? ಶಿವರಾತ್ರಿ ದಿನಾನ ಬಂದ್ರಿ. ಒಳಗ ಬರ್ರಿ, ಕಾಲು ತೊಳ್ಕೊಳ್ರಿ."

ನನ್ನನ್ನು ಒಳಗೆ ಕೂರಿಸಿ ಬಾಳೆಹಣ್ಣು, ಖರ್ಜೂರ, ಕಲ್ಲಂಗಡಿಯ ದೊಡ್ಡ ಹೋಳು ಇಟ್ಟಳು. ತಾನು ಉಪವಾಸ ಅಂದಳು, ಅವ್ವ ತಾನೂ ಉಪವಾಸ ಅಂದಾಗ ಅವಳಿಗೆ ಇನ್ನೂ ಸಂತೋಷ. ಬೂದಿ ಬುಧವಾರ ನಮ್ಮಲ್ಲೂ ಉಪವಾಸವೆಂದು ತಿಳಿಯದೆ, ಹಬ್ಬದ ಉಪವಾಸ ಹಿಡಿದ ಸೊಸೆ ಅಂದುಕೊಂಡಳು. ಮಗನಿಗೆ ಆರಾಮಿಲ್ಲ, ನಿಮ್ಮನ್ನು ನೋಡಬೇಕಂತಾನೆ ಎಂದು ಅವ್ವ ಹೇಳುತ್ತಿದ್ದಂತೆ ಅಜ್ಜಿ ಟ್ರಂಕು ತೆಗೆದು ಸೀರೆ ಎತ್ತಿಡತೊಡಗಿದಳು.

"ನಾಳೆ ಮುಂಜಾನೆ ಉಪವಾಸ ಬಿಟ್ಟು ನಿಮ್ಮ ಸಂಗಾಟ ಬಂದುಬಿಡ್ತೀನಿ. ಅವನೂ ವಿಭೂತಿ ಹಚ್ಚತಾನೋ ಇಲ್ಲೋ?"

ಅವ್ವನಿಗೆ ಆಗ ತಿಳಿಯಿತು. ಅವಳ ಕೈ ಹಣೆಗೆ ಹೋದದ್ದು ನಾನು ನೋಡಿದೆ. ಕಲ್ಲಂಗಡಿ ತಿನ್ನುತ್ತಿದ್ದ ನನಗೂ ತಿಳಿಯಿತು. ನಾನು ಅವಳನ್ನೇ ದಿಟ್ಟಿಸಿದೆ. ಸುಮ್ಮನಿರು, ಒಂದೇ ಒಂದು ದಿನ ಸುಮ್ಮನಿರು ಎಂದು ಕಣ್ಣಲ್ಲೇ ಗೋಗರೆದೆ. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವ್ವ ಎದ್ದು ನಿಂತಳು.

"ಅತ್ತಿ, ಒಂದು ಮಾತು. ಇದು ಶಿವರಾತ್ರಿ ವಿಭೂತಿ ಅಲ್ರಿ. ಇವತ್ತು ನಮ್ಮ ಚರ್ಚಿನಾಗ ಹಚ್ಚಿದ ಬೂದಿ. ನಾವು ಬದಲಾಗಿಲ್ರಿ. ನಿಮ್ಮ ಮಗಾನೂ ಬದಲಾಗಿಲ್ಲ. ಇದನ್ನ ತಿಳ್ಕೊಂಡ ಮ್ಯಾಲೂ ಬರೋದಾದ್ರ ಬರ್ರಿ."

ಅಜ್ಜಿ ಎತ್ತಿಟ್ಟ ಸೀರೆಯನ್ನು ನೋಡಿದಳು. ಅದನ್ನು ತಿರುಗಿ ಟ್ರಂಕಿನಲ್ಲಿಟ್ಟು ಮುಚ್ಚಿದಳು. ನನ್ನ ತಟ್ಟೆ ಕಿತ್ತುಕೊಳ್ಳುತ್ತಾಳೆಂದು ನಾನು ಹೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹುಡುಗಿ ತಿಂದು ಮುಗಸ್ಲಿ. ಆಮ್ಯಾಲ ಹೊರಡ್ರಿ," ಅಂದು ಹಿತ್ತಲಿಗೆ ಹೋದವಳು ನಾವು ಹೊರಡುವವರೆಗೂ ಬರಲಿಲ್ಲ.

ಬಸ್ಸಿನಲ್ಲಿ ನಾನು ಅವ್ವನ ಜೊತೆ ಕೂರಲಿಲ್ಲ, ಹಿಂದಿನ ಸೀಟಿಗೆ ಹೋದೆ. ನೇಮ ಗೀಮ ಎಲ್ಲ ಮರೆತು ಮನಸ್ಸಿನಲ್ಲೇ ಅವಳನ್ನು ಎಷ್ಟು ಬೈದೆನೋ. ಮನೆಗೆ ಬಂದಾಗ ಅಪ್ಪ ದಿಂಬಿಗೆ ಒರಗಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದ. ತಲೆ ಬಾಚಿಕೊಂಡಿದ್ದ. ಅವ್ವ ನಡೆದದ್ದನ್ನೆಲ್ಲ ಹೇಳಿದಳು, ಏನನ್ನೂ ಬಿಡದೆ. ಅಪ್ಪ ಅಷ್ಟೂ ಕೇಳಿಸಿಕೊಂಡು ಅಂದ:

"ನಿನ್ನ ಸತ್ಯಾನ ಉಪ್ಪಿನಕಾಯಿ ಹಾಕಿ ಇಟ್ಕೋ."

ಆ ಭಾನುವಾರ ಸಿರುಗುಪ್ಪದಿಂದ ಸೋದರಮಾವ ಅಂತೋಣಿ ಅಕ್ಕಿ ಚೀಲ ಹೊತ್ತು ಬಂದ. ಅಲ್ಲಿಯ ರೈಸ್ ಮಿಲ್ಲಿನಲ್ಲಿ ಅವನಿಗೆ ಕೆಲಸ, ತಿಂಗಳಿಗೊಮ್ಮೆ ನಮ್ಮ ಮನೆಗೆ ನುಚ್ಚಕ್ಕಿ ತರುತ್ತಿದ್ದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. ಚರ್ಚಿನಲ್ಲಿ ಬೈಬಲ್ ವಾಚನ ಓದುವ ಮನುಷ್ಯ ಅವನು, ಆದರೂ ನನ್ನ ಪಕ್ಷಕ್ಕೇ ಬಂದ.

"ಅಕ್ಕಾ, ಆ ಮುದುಕಿ ಬಂದು ಮಗನ ಮುಖ ನೋಡಿದ್ರ ಎಲ್ಲಾ ಮರೀತಿದ್ಲು. ನೀನು ಒಂದು ದಿನ ಸುಮ್ನಿದ್ದಿದ್ರ ದೇವರೇನು ನಿನ್ನ ಮ್ಯಾಲ ಕೇಸ್ ಹಾಕ್ತಿದ್ನೇನು?"

ಅವ್ವ ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಆಕಿ ನನ್ನ ಹಣಿ ನೋಡಿ ಬರಾಕಿ ಇದ್ಲು. ಬಂದ ಮ್ಯಾಲ ಗೊತ್ತಾಗ್ತಿತ್ತು. ಆಗ ಇವನ ಮಂಚದ ಮುಂದ ನಿಂತು ಮತ್ತೊಮ್ಮಿ ಸತ್ತಿ ಅಂತಿದ್ಲು. ಅದನ್ನ ಕೇಳಿ ಇವ ಉಳೀತಿದ್ನೇನು? ಆಕಿ ಮಗನಿಗಾಗಿ ಬರಬೇಕು. ಬರೋ ತನಕ ನಾ ಬಿಡಂಗಿಲ್ಲ."

ಬಿಡಲೂ ಇಲ್ಲ. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಮ್ಮವರೆಲ್ಲ ಚರ್ಚಿನಲ್ಲಿ ಶಿಲುಬೆಯ ಹಾದಿ ಮಾಡುತ್ತಾರೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಸ್ಥಳಗಳ ಚಿತ್ರಗಳು ಗೋಡೆಯ ಮೇಲೆ ಇರುತ್ತವೆ, ಒಂದೊಂದರ ಮುಂದೂ ಮೊಣಕಾಲೂರಿ ಜಪ ಹೇಳಬೇಕು. ಅವ್ವ ಫಾದರ್ ಹತ್ತಿರ ಹೋಗಿ, ಈ ಸಲ ನನ್ನ ಶಿಲುಬೆ ಹಾದಿ ಕುರುಗೋಡಿಗೆ ಹೋಗುತ್ತದೆ, ಚರ್ಚಿಗೆ ಬರಲಾಗುವುದಿಲ್ಲ ಎಂದು ಹೇಳಿ ಬಂದಳು. ಶುಕ್ರವಾರ ಬೆಳಿಗ್ಗೆ ಅಪ್ಪನಿಗೆ ಗುಳಿಗೆ ಕೊಟ್ಟು, ನನಗೆ ಶಾಲೆ ತಪ್ಪಿಸಿ ಬಸ್ಸು ಹತ್ತಿಸಿದಳು. ಬಸ್ಸು ನಿಂತಲ್ಲೆಲ್ಲ ಒಂದೊಂದು ಸ್ಥಳದ ಜಪ ತುಟಿಯಲ್ಲೇ ಹೇಳುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಯೇಸುವಿಗೆ ಮರಣದಂಡನೆ. ಊರ ಹೊರಗೆ ಶಿಲುಬೆ ಹೊರುವುದು. ಕೊಳಗಲ್ಲಿನಲ್ಲಿ ಮೊದಲ ಸಲ ಬೀಳುವುದು. ಮುಂದಿನ ನಿಲ್ದಾಣದಲ್ಲಿ ತಾಯಿಯನ್ನು ಕಾಣುವುದು. ಕುರುಗೋಡು ಮುಟ್ಟುವ ಹೊತ್ತಿಗೆ ಹತ್ತು ಮುಗಿದಿರುತ್ತಿದ್ದವು, ಉಳಿದವನ್ನು ಅಜ್ಜಿಯ ಮನೆವರೆಗೆ ನಡೆಯುತ್ತ ಮುಗಿಸುತ್ತಿದ್ದಳು. ಈಗ ನಾನು ಸಿರುಗುಪ್ಪದಲ್ಲಿ ಶಾಲೆ ಮೇಷ್ಟ್ರಮ್ಮ, ಮಕ್ಕಳಿಗೆ ಜಿಲ್ಲೆಯ ನಕ್ಷೆ ತೋರಿಸುತ್ತೇನೆ. ಕೊಳಗಲ್ಲಿನ ಮೇಲೆ ಬೆರಳಿಟ್ಟಾಗಲೆಲ್ಲ ಅದು ನನಗೆ ಯೇಸು ಮೊದಲ ಸಲ ಬಿದ್ದ ಊರೇ.

ಮೊದಲ ಶುಕ್ರವಾರ ಬಾಗಿಲು ಮುಚ್ಚಿತ್ತು. ಒಳಗೆ ಪಾತ್ರೆ ಸದ್ದು ಕೇಳುತ್ತಿತ್ತು. ಅವ್ವ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತು, "ಅತ್ತಿ, ಹೋಗಿ ಬರ್ತೀವ್ರಿ, ಬರೋ ಶುಕ್ರವಾರ ಬರ್ತೀವಿ," ಅಂದು ಎದ್ದಳು. ಎರಡನೇ ವಾರ ಅಂಗಳದಲ್ಲಿ ಒಣಮೆಣಸಿನಕಾಯಿ ರಾಶಿ ಹಾಸಿತ್ತು. ಆ ಸೀಮೆಯಲ್ಲಿ ಆ ತಿಂಗಳು ಎಲ್ಲರ ಅಂಗಳವೂ ಕೆಂಪೇ. ಅಜ್ಜಿ ಸಾಹುಕಾರರ ಕಾಯಿ ತಂದು ತೊಟ್ಟು ಬಿಡಿಸಿಕೊಡುತ್ತಿದ್ದಳು. ಅವ್ವ ಯಾರನ್ನೂ ಕೇಳದೆ ರಾಶಿಯ ಮುಂದೆ ಕೂತು ತೊಟ್ಟು ಮುರಿಯತೊಡಗಿದಳು, ನನ್ನನ್ನೂ ಕೂರಿಸಿದಳು. ನನಗೆ ಸೀನಿನ ಮೇಲೆ ಸೀನು, ಮರೆತು ಕಣ್ಣುಜ್ಜಿಕೊಂಡು ಬೊಬ್ಬೆ ಹೊಡೆದೆ. ಆಗ ಬಾಗಿಲು ತೆರೆಯಿತು. ಅಜ್ಜಿ ಒಂದು ಚೊಂಬು ನೀರು ತಂದು ನನ್ನ ಕಣ್ಣು ತೊಳೆದಳು, ಸೆರಗಿನಿಂದ ಒರೆಸಿದಳು, ಅವ್ವನ ಕಡೆ ನೋಡದೆಯೇ ಅಂದಳು:

"ಈ ಕೆಲಸಕ್ಕ ಯಾರು ಕರೆದಿದ್ರು?"

"ಯಾರೂ ಕರೀಲಿಲ್ರಿ. ಖಾಲಿ ಕುಂದ್ರಾಕ ಬರಂಗಿಲ್ಲ ನನಗ."

ಅಷ್ಟಕ್ಕೇ ಬಾಗಿಲು ಮತ್ತೆ ಮುಚ್ಚಿತು. ಮೂರನೇ ವಾರ ಇನ್ನೂ ಕೆಟ್ಟದಾಯಿತು. ಓಣಿಯ ಹೆಂಗಸರು ನಗುವುದನ್ನು ಕಂಡು ಅಜ್ಜಿ ಹೊರಗೆ ಬಂದು, ಮಗನನ್ನು ಕಸಿದುಕೊಂಡದ್ದು ಸಾಲದೆ ಮಾನ ಕಳೆಯಲು ಬಂದಿದ್ದಾಳೆ ಎಂದು ಬಾಯಿಗೆ ಬಂದಂತೆ ಅಂದಳು. ಅವ್ವ ತಲೆ ತಗ್ಗಿಸಿ ತೊಟ್ಟು ಮುರಿಯುತ್ತಲೇ ಇದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು. ಇನ್ನು ಮೇಲೆ ಬರುವುದಿಲ್ಲ ಎಂದು ಹಠ ಹಿಡಿದೆ. ಅವ್ವ ಒಪ್ಪಿದಳು. ಹಾಗೆ ನಾಲ್ಕನೇ ಶುಕ್ರವಾರದಿಂದ ಅವಳು ಒಬ್ಬಳೇ ಹೋದಳು, ಅವಳು ಬರುವವರೆಗೆ ಅಪ್ಪನನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು.

ಆ ಮೊದಲ ದಿನವೇ ನಾನು ಕಂಡೆ. ಅವ್ವ ಐದು ಗುಳಿಗೆ ನುಂಗಿಸಿ, ನೀರು ಕುಡಿಸಿ, ಚಪ್ಪಲಿ ಮೆಟ್ಟಿ ಹೊರಟಳು. ಅವಳು ಓಣಿ ತಿರುಗುತ್ತಲೇ ಅಪ್ಪ ನಾಲಿಗೆಯ ಕೆಳಗಿನಿಂದ ಮೂರು ಗುಳಿಗೆ ತೆಗೆದು ಅಂಗೈಗೆ ಉಗುಳಿ, ಮಂಚದ ಕೆಳಗಿದ್ದ ಚಿಂದಿ ಬಟ್ಟೆಯ ಚೀಲದಲ್ಲಿ ತುರುಕಿದ. ಚೀಲದಲ್ಲಿ ಅಂಥವು ಬಹಳ ಇದ್ದವು. ಬೂದಿ ಬುಧವಾರದ ಮರುದಿನದಿಂದಲೇ ಶುರುಮಾಡಿದ್ದನಂತೆ. ನಾನು ನೋಡಿದ್ದು ಅವನಿಗೆ ಗೊತ್ತಾಯಿತು.

"ರೋಸಿ, ನಿಮ್ಮವ್ವಗ ಹೇಳಬ್ಯಾಡ. ಅವು ಹೊಟ್ಟಿಗೆ ಹೋದ್ರ ಬೆಂಕಿ ಬಿದ್ದಂಗ ಆಗ್ತೈತಿ. ಹೆಂಗೂ ನಾ ಉಳಿಯೋನಲ್ಲ, ಸುಮ್ನ ಯಾಕ ಸಂಕಟ."

ನಾನು ಹೇಳಲಿಲ್ಲ. ಅಪ್ಪನ ಮೇಲಿನ ಮರುಕಕ್ಕೆ ಸುಮ್ಮನಿದ್ದೆ ಎಂದು ಬರೆದರೆ ನನಗೇ ನಾಚಿಕೆಯಾಗಬೇಕು. ಅವ್ವನ ಮೇಲಿನ ಸೇಡಿಗೆ ಸುಮ್ಮನಿದ್ದೆ. ಸತ್ಯ ಹೇಳಿ ಇವನನ್ನು ಈ ಸ್ಥಿತಿಗೆ ತಂದವಳು ಅವಳೇ ಅಲ್ಲವೇ, ಅನುಭವಿಸಲಿ ಅನ್ನಿಸಿತ್ತು. ಸಂಜೆ ಅವಳು ಬಂದು, "ಅಪ್ಪ ವಾಂತಿ ಮಾಡ್ಕೊಂಡನೇನು? ಗುಳಿಗಿ ಒಳಗ ಉಳಿದಾವೇನು?" ಅಂದಾಗ ಉಳಿದಿವೆ ಅಂದೆ. ಮರುದಿನವೂ ಅಂದೆ. ಎರಡು ವಾರ ಹೀಗೇ ನಡೆಯಿತು. ಅಪ್ಪನ ಭುಜದ ಎಲುಬು ಅಂಗಿಯ ಮೇಲೆ ಎದ್ದು ಕಾಣತೊಡಗಿತು. ಒಂದು ಬೆಳಿಗ್ಗೆ ಕೆಮ್ಮಿದಾಗ ಬಟ್ಟೆಯಲ್ಲಿ ರಕ್ತ. ಇಷ್ಟೆಲ್ಲ ಗುಳಿಗೆ ನುಂಗಿದರೂ ಯಾಕೆ ಹೀಗೆ ಎಂದು ಅವ್ವ ಡಾಕ್ಟರ ಹತ್ತಿರ ಓಡಿದಳು. ಅವರಿಗೂ ಅರ್ಥವಾಗಲಿಲ್ಲ. ಆಗ ನನಗೆ ಹೆದರಿಕೆ ಹತ್ತಿತು.

ಪವಿತ್ರ ವಾರದಲ್ಲಿ ಹಬ್ಬಕ್ಕೆ ಮುಂಚೆ ಮಕ್ಕಳೆಲ್ಲ ಪಾಪನಿವೇದನೆ ಮಾಡಬೇಕು. ಸಾಲಿನಲ್ಲಿ ನಿಂತಾಗ ಗೆಳತಿಯರು ಯಾವ ಯಾವ ಪಾಪ ಹೇಳುವುದೆಂದು ಪಿಸುಗುಟ್ಟುತ್ತಿದ್ದರು. ಸಕ್ಕರೆ ಕದ್ದದ್ದು, ಜಪದಲ್ಲಿ ತೂಕಡಿಸಿದ್ದು. ನನ್ನ ಸರದಿ ಬಂದಾಗ ಫಾದರ್ ಹತ್ತಿರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ. ಅವರು ಗದರಲಿಲ್ಲ. ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಮಾಡಬೇಕೆಂದೂ ಹೇಳಲಿಲ್ಲ.

"ದೇವರು ನಿನ್ನನ್ನು ಕ್ಷಮಿಸಿದ್ದಾನೆ. ಆದರೆ ನಿನ್ನ ಅಪ್ಪನಿಗೆ ನಿನ್ನ ಜಪಕ್ಕಿಂತ ಮೊದಲು ಗುಳಿಗೆ ಬೇಕು. ಈಗಲೇ ಮನೆಗೆ ಹೋಗಿ ಅಮ್ಮನಿಗೆ ಹೇಳು."

ಅವ್ವ ಹಿಂದಿನ ಕೋಣೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಚಿಂದಿಯ ಚೀಲ ಎಳೆದು ತಂದು ಅವಳ ಮುಂದೆ ಬೋರಲು ಹಾಕಿದೆ. ನೀಲಿ ತುಂಡುಗಳ ನಡುವೆ ಗುಳಿಗೆಗಳು ಉರುಳಿದವು, ಕೆಲವು ಕರಗಿ ಬಟ್ಟೆಗೆ ಅಂಟಿದ್ದವು. ನಾನು ನೋಡಿದ್ದು, ಸುಳ್ಳು ಹೇಳಿದ್ದು, ಯಾಕೆ ಹೇಳಿದೆ ಎಂಬುದು, ಎಲ್ಲ ಹೇಳಿದೆ. ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಬೂದಿ ಮೆತ್ತಿದ ಕೈಯಲ್ಲೇ ನೆಲದ ಮೇಲೆ ಕೂತು ಅತ್ತಳು. ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕೈ ತೊಳೆದು, ಕೂದಲು ಬಿಗಿದು ಗಂಟು ಹಾಕಿದಳು.

"ನೀ ಹೇಳಿದ್ದು ಛಲೋ ಆತು. ನನ್ನದೂ ಒಂದು ತಪ್ಪೈತಿ ರೋಸಿ. ಇಷ್ಟು ವಾರ ಹೋದ್ರೂ ಅತ್ತಿ ಮುಂದ ನಿಮ್ಮಪ್ಪಗ ಆರಾಮಿಲ್ಲ ಅಂತ ಅಷ್ಟೇ ಹೇಳೀನಿ. ಅವನು ಯಾಕ ಸಾಯಾಕ ಹೊಂಟಾನ ಅಂತ ಹೇಳಿಲ್ಲ. ಮುದುಕಿ ಜೀವ ನೋಯಬಾರದು ಅಂತ ಮುಚ್ಚಿಟ್ಟೆ. ನಾಳೆ ಹೇಳ್ತೀನಿ. ನೀನೂ ಬಾ."

ಮರುದಿನ ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಊರಿನ ಕ್ರೈಸ್ತರೆಲ್ಲ ಚರ್ಚಿನತ್ತ ಹೋಗುತ್ತಿದ್ದರೆ ನಾವು ಬಸ್‌ಸ್ಟ್ಯಾಂಡಿನತ್ತ ಹೋದೆವು. ಆ ದಿನ ಅವ್ವ ಬಸ್ಸಿನಲ್ಲಿ ಜಪ ಹೇಳಿದಳೋ ಇಲ್ಲವೋ ತಿಳಿಯದು. ನನ್ನ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದಳು. ಅಜ್ಜಿಯ ಬಾಗಿಲು ಎಂದಿನಂತೆ ಮುಚ್ಚಿತ್ತು. ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಇರಲಿಲ್ಲ, ಸುಗ್ಗಿ ಮುಗಿದಿತ್ತು. ಕೂರಲು ಒಂದು ಕೆಲಸವೂ ಇಲ್ಲದೆ ಅವ್ವ ಬಾಗಿಲಿಗೆ ಮುಖ ಮಾಡಿ ನಿಂತಳು.

"ಅತ್ತಿ, ಇವತ್ತು ಕರಿಯಾಕ ಬಂದಿಲ್ರಿ, ಹೇಳಾಕ ಬಂದೀನಿ. ನಿಮ್ಮ ಮಗ ಗುಳಿಗಿ ನುಂಗವಲ್ಲ. ನನ್ನ ಮುಂದ ಬಾಯಾಗ ಹಾಕ್ಕೊಂಡು ಹಿಂದ ಉಗುಳ್ತಾನ. ಅವ್ವ ನನಗ ಸತ್ತಿ ಅಂದಾಳ, ನಾ ಉಳಿಯಂಗಿಲ್ಲ ಅಂತಾನ. ನಿಮ್ಮ ಮಾತು ಹಿಡ್ಕೊಂಡು ಸಾಯಾಕ ಹೊಂಟಾನ್ರಿ."

ನಾನು ಬಾಗಿಲ ಹಲಗೆಗೆ ಹಣೆಯಿಟ್ಟು ಅಳತೊಡಗಿದೆ. ಚಿಲಕ ಸರಿಯಿತು. ಅಜ್ಜಿಯ ಕನ್ನಡಕ ಕೈಯಲ್ಲಿತ್ತು.

"ಖರೇನ ಇದು?"

"ಸುಳ್ಳಾಡಂಗಿದ್ರ ಶಿವರಾತ್ರಿ ದಿನಾನ ಆಡ್ತಿದ್ದೆ, ಅತ್ತಿ."

ಅಜ್ಜಿ ಬಹಳ ಹೊತ್ತು ಅವಳ ಮುಖ ನೋಡಿದಳು. ಹಣೆಯನ್ನಲ್ಲ, ಮುಖವನ್ನು. ಒಳಗೆ ಹೋದವಳು ಸೀರೆ ತೆಗೆಯಲಿಲ್ಲ, ಟ್ರಂಕು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿ, ಬೀಗ ಹಿಡಿದು ಹೊರಗೆ ಬಂದಳು.

"ಬಳ್ಳಾರಿ ಬಸ್ಸು ಎಷ್ಟೊತ್ತಿಗೈತಿ?"

ನಮ್ಮ ಹೊಸ್ತಿಲು ದಾಟುವಾಗ ಅವಳು ಒಂದು ಗಳಿಗೆ ನಿಂತಳು. ಗೂಡಿನಲ್ಲಿದ್ದ ಮಾತೆಯ ಪ್ರತಿಮೆ, ದುಪ್ಪಟಿ ಹೊದ್ದ ಟಿವಿ, ಬಟ್ಟೆಯ ರಾಶಿ ನೋಡಿದಳು. ಆಮೇಲೆ ಮಂಚದ ಮೇಲೆ ಎಲುಬಿನ ಗೂಡಾಗಿದ್ದ ಮಗನನ್ನು ನೋಡಿದಳು. ಅಪ್ಪ ಕಣ್ಣು ಬಿಟ್ಟು, ನಂಬದೆ, ಮುಚ್ಚಿ ಮತ್ತೆ ತೆರೆದ. ಅಜ್ಜಿ ಮಂಚದ ಅಂಚಿಗೆ ಕೂತಳು. ಅವ್ವನ ಕಡೆ ಕೈ ಚಾಚಿ ಗುಳಿಗೆ ಕೇಳಿದಳು. ಐದೂ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅಂದಳು:

"ಸತ್ತಿ ಅಂದಿದ್ದೆ. ಹೌದು, ನಾನಾ ಅಂದಿದ್ದೆ. ನಾ ಹೇಳಿದ ಒಂದು ಮಾತನ್ನೂ ನೀ ಜನ್ಮದಾಗ ಕೇಳಿದಾವಲ್ಲ ಬಸ್ಯಾ, ಇದೊಂದು ಮಾತು ಯಾಕ ಕೇಳಿದಿ? ಕೇಳೋದಾದ್ರ ಈಗ ಹೇಳೋದನ್ನ ಕೇಳು. ಬದುಕು. ಬಾಯಿ ತೆರಿ."

ಅಪ್ಪ ಚಿಕ್ಕ ಮಗುವಿನಂತೆ ಅಳುತ್ತ ಬಾಯಿ ತೆರೆದ. ಅವಳು ಒಂದೊಂದಾಗಿ ಹಾಕಿದಳು, ನೀರು ಕುಡಿಸಿದಳು, ನಾಲಿಗೆ ಎತ್ತಿಸಿ ಕೆಳಗೆ ಬೆರಳಾಡಿಸಿ ನೋಡಿದಳು. ಅಪ್ಪನಿಗೆ ವಾಂತಿ ಒತ್ತರಿಸಿಕೊಂಡು ಬಂದಾಗ ಎದೆ ನೀವುತ್ತ, ತಡಿಲೇ, ತಡಿ, ತಡ್ಕೋ ಅನ್ನುತ್ತ ಹಿಡಿದುಕೊಂಡಿದ್ದಳು. ಅವ್ವ ಗೋಡೆಗೆ ಒರಗಿ ನಿಂತಿದ್ದಳು, ಬೆಳಗಿನಿಂದ ಒಂದು ಹನಿ ನೀರೂ ಕುಡಿಯದೆ. ಚರ್ಚಿನಲ್ಲಿ ಆ ಹೊತ್ತಿಗೆ ಜನ ಶಿಲುಬೆಗೆ ಮುತ್ತಿಡುತ್ತಿರಬೇಕು. ಭರವಸೆ, ಬೆಳಕು ಎಂಬ ಮಾತುಗಳನ್ನು ಪ್ರಬೋಧನೆಯಲ್ಲಿ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು. ಅವು ಏನೆಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ. ನನ್ನ ಅವ್ವನ ವಿಶ್ವಾಸ ಅಂದರೆ ಹೀಗೆ, ಬಾಗಿಲು ತೆರೆಯುವವರೆಗೆ ಬಾಗಿಲ ಮುಂದೆ ಇರುವುದು, ಸುಳ್ಳಿನ ಕೈಯಲ್ಲಿ ತೆರೆಸದೆ ಇರುವುದು. ನಾನು ಕ್ರೈಸ್ತಳಾದದ್ದು ದೀಕ್ಷಾಸ್ನಾನದಲ್ಲಲ್ಲ, ಅವತ್ತು.

ಅಜ್ಜಿ ಅಂದು ಹೋಗಲಿಲ್ಲ, ಶನಿವಾರವೂ ಹೋಗಲಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ ತನಗೆ ಬೇರೆ ಒಲೆ ಹೂಡಿಸಿಕೊಂಡಳು, ನಾವು ಮಾಡಿದ್ದನ್ನು ಉಣ್ಣಲಿಲ್ಲ. ಅವ್ವ ಅದಕ್ಕೊಂದು ಮಾತೂ ಆಡದೆ ಹೊಸ ಗಡಿಗೆ ತಂದುಕೊಟ್ಟಳು. ಈಸ್ಟರ್ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪೂಜೆಗೆ ಹೋಗಿ, ಫಾದರ್ ಎಲ್ಲರಿಗೂ ಕೊಟ್ಟ ಮೇಣದಬತ್ತಿ ಹಿಡಿದು ಮನೆಗೆ ಬಂದೆವು. ಅಜ್ಜಿ ಬಾಗಿಲಲ್ಲಿ ಕೂತು, ಹಣೆ ತುಂಬ ವಿಭೂತಿ, ನಮ್ಮನ್ನೇ ಕಾಯುತ್ತಿದ್ದಳು. ಇದು ಸತ್ತ ಯೇಸು ಮೂರನೇ ದಿನ ಮತ್ತೆ ಎದ್ದ ಹಬ್ಬವೆಂದು ಹಿಂದಿನ ದಿನ ನನ್ನನ್ನು ಕೇಳಿ ತಿಳಿದುಕೊಂಡಿದ್ದಳು.

"ನಿಮ್ಮ ದೇವರು ಎದ್ದನೇನು?"

"ಎದ್ದಾನ್ರಿ ಅತ್ತಿ."

"ಇವನೂ ಎದ್ದು ಕುಂತಾನ. ಗುಳಿಗಿ ಹೊಟ್ಟ್ಯಾಗ ನಿಂತಾವ, ಹಸಿವು ಅಂತಾನ. ಬಾ, ಮಗನಿಗೆ ಏನರ ಮಾಡು. ನಿನ್ನ ಕೈಯಿಂದ್ಲೇ ಮಾಡು, ನಾನೂ ಉಣ್ತೀನಿ."